ಪೂರ್ವಾಶ್ರಮದ ಪತ್ರಕರ್ತ

ಚುನಾವಣಾ ತಂತ್ರಗಾರನೆಂದರೆ, ತಾನು ಎಲ್ಲಿಯೂ ಸ್ಪರ್ಧಿಸದೆ, ಸ್ಪರ್ಧಿಸುವವರು ಏನು ಹೇಳಬೇಕು, ಅದಕ್ಕಿಂತ ಮುಖ್ಯವಾಗಿ ಏನು ಹೇಳಬಾರದು ಎಂಬುದನ್ನು ನಿರ್ಧರಿಸಿ ಶುಲ್ಕ ಪಡೆಯುವ ವೃತ್ತಿಪರ. ಈ ಕುಲದಲ್ಲಿ ಪತ್ರಿಕಾವೃತ್ತಿಯಿಂದ ಬಂದವರದೇ ಒಂದು ಶಾಖೆಯಿದ್ದು, ರಾಜಕಾರಣಿಯ ಬಾಯಿಂದ ಒಂದಾದರೂ ನಿಜ ಹೊರಡಿಸಲು ವರ್ಷಗಟ್ಟಲೆ ಹೆಣಗಿದವನು ಅದೇ ಬಾಯಿಯ ಕಾವಲಿಗೆ ನಿಂತ ಮರುದಿನವೇ, ಹಳೆಯ ಸಹೋದ್ಯೋಗಿಗಳ ಪ್ರಶ್ನೆಗಳೆಲ್ಲ ಅಪ್ರಸ್ತುತವೆಂದು ಕಂಡುಕೊಳ್ಳುವುದು ಅದರ ಪ್ರಧಾನ ಲಕ್ಷಣ.

ಈ ಶಾಖೆಯ ಅಧ್ಯಯನಕ್ಕೆ ಅಮೆರಿಕದ ಡೇವಿಡ್ ಆಕ್ಸೆಲ್‌ರಾಡ್ ಸೊಗಸಾದ ಮಾದರಿ. ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ರಾಜಕೀಯ ವರದಿಗಾರರಾಗಿದ್ದ ಅವರು 1984ರಲ್ಲಿ ಅದನ್ನು ತೊರೆದು, ಇಲಿನಾಯ್ ರಾಜ್ಯದಿಂದ ಸೆನೆಟ್‌ಗೆ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಗೆ, ಸ್ಪರ್ಧಿಸಿದ್ದ ಪಾಲ್ ಸೈಮನ್ ಅವರ ಪ್ರಚಾರಕ್ಕೆ ಸೇರಿದರು. ಸೈಮನ್ ಕೂಡ ಎಳೆಯ ವಯಸ್ಸಿನಲ್ಲೇ ಪತ್ರಿಕೆ ನಡೆಸಿದವರಾದ್ದರಿಂದ, ಇಬ್ಬರು ಪತ್ರಕರ್ತರು ಒಂದೇ ವಾಕ್ಯಕ್ಕೆ ಒಪ್ಪಿಕೊಂಡು ಚುನಾವಣೆಯನ್ನೂ ಗೆದ್ದದ್ದು ಸಣ್ಣ ಪವಾಡವೇ ಸರಿ.

2004ರಲ್ಲಿ ಬರಾಕ್ ಒಬಾಮ ಸೆನೆಟ್‌ಗೆ ನಿಂತಾಗ ಆಕ್ಸೆಲ್‌ರಾಡ್ ಸೂಚಿಸಿದ ‘ಎಸ್ ವಿ ಕ್ಯಾನ್’, ಅಂದರೆ ‘ಹೌದು, ನಮ್ಮಿಂದಾಗುತ್ತದೆ’, ಎಂಬ ಘೋಷಣೆ ಅಭ್ಯರ್ಥಿಗೇ ಸಪ್ಪೆಯೆನಿಸಿ, ಪತ್ನಿ ಮಿಷೆಲ್ ಒಪ್ಪಿದ ಮೇಲಷ್ಟೇ ಉಳಿಯಿತು. ಯಾರು, ಏನು, ಎಲ್ಲಿ, ಯಾವಾಗ ಎಂಬ ಯಾವ ಪ್ರಶ್ನೆಗೂ ಉತ್ತರಿಸದ ಇಂಥ ವಾಕ್ಯವನ್ನು ವರದಿಯಲ್ಲಿ ಬರೆದಿದ್ದರೆ ಉಪಸಂಪಾದಕನೊಬ್ಬ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕುತ್ತಿದ್ದ. 2008ರಲ್ಲಿ ಒಬಾಮ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅದನ್ನು ಕೂಗಿದ ಜನಸಾಗರಕ್ಕೆ ಆ ಉತ್ತರಗಳು ಬೇಕಾಗಿರಲಿಲ್ಲ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ಈ ವೃತ್ತಿಗೆಂದೇ ಹುಟ್ಟಿದಂತಿದ್ದರೂ, ಆಕ್ಸೆಲ್‌ರಾಡ್ ಅದನ್ನು ತಿರುವುಮುರುವು ಮಾಡಿದರು. 2012ರ ಅಧ್ಯಕ್ಷ ಚುನಾವಣೆಯಲ್ಲಿ ಮೂರು ರಾಜ್ಯಗಳ ಪೈಕಿ ಒಂದನ್ನು ಒಬಾಮ ಸೋತರೂ ಮೀಸೆ ಬೋಳಿಸುವುದಾಗಿ ಟಿವಿಯಲ್ಲಿ ಪಣ ತೊಟ್ಟು, ಮೂರೂ ಗೆದ್ದ ಮೇಲೆ, ಅಪಸ್ಮಾರ ರೋಗದ ಸಂಶೋಧನೆಗೆ ದೇಣಿಗೆ ಕೂಡಿಸಲು ಅದೇ ಮೀಸೆಯನ್ನು ಸ್ವಸಂತೋಷದಿಂದ ತೆಗೆಸಿಕೊಂಡರು.

ಬೀಳುವ ಸರದಿ ಬಂದದ್ದು 2015ರಲ್ಲಿ, ಬ್ರಿಟನ್ನಿನಲ್ಲಿ. ಲೇಬರ್ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್‌ಗೆ ಆಕ್ಸೆಲ್‌ರಾಡ್ ಸಲಹೆಗಾರರಾದರೆ, ಎದುರಾಳಿ ಕನ್ಸರ್ವೇಟಿವ್ ಪಕ್ಷಕ್ಕೆ ಒಬಾಮ ಗರಡಿಯವರೇ ಆದ ಜಿಮ್ ಮೆಸಿನಾ ಪಟ್ಟು ಹೇಳಿಕೊಡುತ್ತಿದ್ದರು; 650 ಸ್ಥಾನಗಳಲ್ಲಿ 331 ಕನ್ಸರ್ವೇಟಿವರ ಪಾಲಾದವು. ಮಿಲಿಬ್ಯಾಂಡ್ ಮರುದಿನವೇ ನಾಯಕತ್ವಕ್ಕೆ ರಾಜೀನಾಮೆ ಕೊಟ್ಟರೆ, ಆಕ್ಸೆಲ್‌ರಾಡ್ ಅದೇ ವರ್ಷ ಸಿಎನ್‌ಎನ್ ವಾಹಿನಿಯಲ್ಲಿ ರಾಜಕೀಯ ವಿಶ್ಲೇಷಕರಾಗಿ ಕುಳಿತು, ಬೇರೆಯವರ ಪ್ರಚಾರ ಎಲ್ಲೆಲ್ಲಿ ಎಡವುತ್ತಿದೆಯೆಂದು ವೀಕ್ಷಕರಿಗೆ ವಿವರಿಸತೊಡಗಿದರು.