ಬೆಣ್ಣೆ ಬೆಣೆಯಾದ ಕಥೆ

ಡಿಸೈನರಿಗೂ ಎಂಜಿನಿಯರಿಗೂ ಹೊಂದಾಣಿಕೆಯೇ ಇಲ್ಲ ಎಂದು ದೂರುವವರು ತಮ್ಮ ಫೋನನ್ನು ಒಮ್ಮೆ ಕನ್ನಡಕ್ಕೆ ತಿರುಗಿಸಿ ನೋಡಬೇಕು. ದಿನಸಿ ತರಿಸುವ ಆ್ಯಪ್ ಒಂದರಲ್ಲಿ ಬೆಣ್ಣೆ ಬೆಣೆಯಾಗಿದೆ, ಎಣ್ಣೆ ಎಣೆಯಾಗಿದೆ, ಬೆಲ್ಲ ಬರೀ ಬೆಲ. ಕೆಳಗಿದ್ದ ಒತ್ತಕ್ಷರಗಳೆಲ್ಲ ಸಾಲಾಗಿ ಮಾಯ. ಇಷ್ಟು ಚೊಕ್ಕ ಕೆಲಸ ಒಬ್ಬರ ಕೈಲಿ ಆಗುವಂಥದ್ದಲ್ಲ. ಎರಡು ವಿಭಾಗಗಳ ಸಂಪೂರ್ಣ ಸಹಕಾರ ಬೇಕು.

ಮೊದಲ ಕೊಡುಗೆ ಡಿಸೈನರದು. ಹದಿನಾರು ಪಿಕ್ಸೆಲ್ ಅಕ್ಷರ, ಇಪ್ಪತ್ತು ಪಿಕ್ಸೆಲ್ ಎತ್ತರದ ಚೌಕಟ್ಟು. ಅದರೊಳಗೆ ತುಂಬಿಸಿದ್ದು ಜಾಗ ತುಂಬುವ ಮಾದರಿ ಪಠ್ಯ 'ಲೋರೆಮ್ ಇಪ್ಸಮ್', ಅಂದರೆ ಕ್ರಿ.ಪೂ. 45ರಲ್ಲಿ ಸಿಸೆರೊ ಬರೆದ ಗದ್ಯದ ಚೂರುಪಾರು. ಚಿಕ್ಕಮಗಳೂರಿನ ಅಜ್ಜಿ ಒತ್ತಬೇಕಾದ ಬಟನ್ನು ರೋಮಿನ ಸೆನೆಟರಿಗೆ ಸರಿಹೊಂದಿದರೆ ಸಾಕು. ಲ್ಯಾಟಿನ್ ಅಕ್ಷರಕ್ಕೆ ಕೆಳಗೆ ಇಳಿಬಿಡಲು ಇರುವುದು ಗೇಣುದ್ದದ ಬಾಲ. ಕನ್ನಡದ ಅಕ್ಷರವೋ ನೆಲಮಾಳಿಗೆಯಲ್ಲಿ ಇನ್ನೊಂದು ಸಂಸಾರವನ್ನೇ ಹೂಡಿರುತ್ತದೆ.

ಎಂಜಿನಿಯರ್ ಪ್ರಾಮಾಣಿಕ. ಇಪ್ಪತ್ತು ಅಂದರೆ ಇಪ್ಪತ್ತು. ಹೆಚ್ಚಾಗಿದ್ದು ಹೊರಗೆ ಇಣುಕಿದರೆ ಡಿಸೈನ್ ಕೆಟ್ಟೀತೆಂದು 'ಓವರ್‌ಫ್ಲೋ ಹಿಡನ್' ಎಂಬ, ಹೊರಚಾಚಿದ್ದನ್ನು ಕತ್ತರಿಸುವ ಒಂದು ಸಾಲನ್ನೂ ಕೋಡಿಗೆ ಸೇರಿಸಿದ. ಒತ್ತಕ್ಷರಗಳ ತಿಥಿ ಮುಗಿಯಿತು.

ಟೆಸ್ಟಿಂಗ್ ತಂಡದಲ್ಲಿ ದಾವಣಗೆರೆಯ ಹುಡುಗಿ ಒಬ್ಬಳಿದ್ದಳು. ಬೆಣ್ಣೆ ದೋಸೆಯ ಊರಿನವಳು, ಬೆಣೆಯನ್ನು ಸಹಿಸುವುದಾದರೂ ಹೇಗೆ? ದೋಷಗಳನ್ನು ದಾಖಲಿಸುವ ಜಿರಾ ತಂತ್ರಾಂಶದಲ್ಲಿ ಟಿಕೆಟ್ ಹಾಕಿದಳು. "ಇದು ಕೋಡಿಂಗ್ ಸಮಸ್ಯೆ," ಎಂದ ಡಿಸೈನರ್ ಟಿಕೆಟನ್ನು ಅತ್ತ ತಳ್ಳಿದ. "ಸ್ಪೆಕ್‌ನಲ್ಲಿ ಇಪ್ಪತ್ತೇ ಇತ್ತು, ಬೇಕಾದ್ರೆ ನೋಡ್ಕೊಳ್ಳಿ," ಎಂದ ಎಂಜಿನಿಯರ್ ಇತ್ತ ತಳ್ಳಿದ. ಮೂರನೇ ವಾರ ಮ್ಯಾನೇಜರ್ ತೀರ್ಪು ಕೊಟ್ಟರು: ಫಾಂಟ್ ಸಮಸ್ಯೆ. ಇಬ್ಬರೂ ಆ ಕ್ಷಣವೇ ಒಪ್ಪಿದರು. ಫಾಂಟ್ ಬೆಳಗಿನ ಸ್ಟ್ಯಾಂಡಪ್ ಸಭೆಗೆ ಬಂದು ಎದುರಾಡುವುದಿಲ್ಲವಲ್ಲ.

ನಿಜವಾದ ಪರಿಹಾರ ನಾಚಿಕೆಯಾಗುವಷ್ಟು ಸಣ್ಣದು. ಇಬ್ಬರೂ ಒಂದೇ ಮೇಜಿನಲ್ಲಿ ಕೂತು, ಸಿಸೆರೊನನ್ನು ಅಳಿಸಿ ಅಲ್ಲಿ 'ಬೆಣ್ಣೆ' ಎಂದು ಟೈಪಿಸಬೇಕು. ಎತ್ತರವನ್ನು ಕಟ್ಟಿಹಾಕದೆ, ಅಕ್ಷರ ಬೆಳೆದಂತೆ ಚೌಕಟ್ಟೂ ಬೆಳೆಯಲು ಬಿಡಬೇಕು. ಆಮೇಲೆ ಮ್ಯಾಕ್‌ಬುಕ್ ಮುಚ್ಚಿ, ಹತ್ತು ಸಾವಿರದ ಆಂಡ್ರಾಯ್ಡ್ ಫೋನಿನಲ್ಲಿ ಜೊತೆಯಾಗಿ ನೋಡಬೇಕು. ಒಂದು ಕಾಫಿ ಮುಗಿಯುವುದರೊಳಗಿನ ಕೆಲಸ. ಆದರೆ ಇದಕ್ಕೆ ಬಜೆಟ್ ಬೇಡ, ಹಾಗಾಗಿ ಯಾವ ಮೇಲಧಿಕಾರಿಗೂ ಇದರಲ್ಲಿ ನಂಬಿಕೆ ಬರುವುದಿಲ್ಲ.

ಬಜೆಟ್ ಇರುವ ಪರಿಹಾರಗಳು ಬೇರೆ. ಇಬ್ಬರೂ ಒಂದೇ ಕಡತ ನೋಡಲೆಂದು ಫಿಗ್ಮಾ ಎಂಬ ಡಿಸೈನ್ ತಂತ್ರಾಂಶ ಇದೆ. ಅಡೋಬಿ ಸಂಸ್ಥೆ ಅದನ್ನು 2022ರಲ್ಲಿ ಎರಡು ಸಾವಿರ ಕೋಟಿ ಡಾಲರಿಗೆ ಕೊಳ್ಳಲು ಹೊರಟು, 2023ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಎಂಜಿನಿಯರುಗಳಿಗೆಂದೇ ಅದರಲ್ಲಿ 'ಡೆವ್ ಮೋಡ್' ಕೂಡ ಬಂದಿದೆ. ತಪ್ಪು ಅಳತೆಯನ್ನು ಈಗ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ನಕಲಿಸಬಹುದು. ಅದೂ ಸಾಲದೆಂದು ನಮ್ಮ ಆ್ಯಪಿನ ಕಂಪನಿ ಎಲ್ಲರನ್ನೂ ಸಕಲೇಶಪುರದ ರೆಸಾರ್ಟಿಗೆ ಕರೆದೊಯ್ದಿತು. ಪರಸ್ಪರ ಸಹಕಾರ ಬೆಳೆಸಲು ಅಲ್ಲಿ ಆಡಿಸಿದ್ದು ಹಗ್ಗಜಗ್ಗಾಟ: ಒಂದು ಕಡೆ ಡಿಸೈನರುಗಳು, ಇನ್ನೊಂದು ಕಡೆ ಎಂಜಿನಿಯರುಗಳು. ಗೆದ್ದವರು ಎಚ್ಆರ್.

ಟಿಕೆಟ್ ಈಗಲೂ ಬ್ಯಾಕ್‌ಲಾಗಿನಲ್ಲಿದೆ. ಆದರೆ ನವೆಂಬರ್ ಒಂದರಂದು ಆ್ಯಪ್ ತೆರೆದವರಿಗೆಲ್ಲ ಕೆಂಪು-ಹಳದಿ ಬಣ್ಣದ ಶುಭಾಶಯ ಕಾಣಿಸಿತು. ಎಚ್ಆರ್ ಬರೆದುಕೊಟ್ಟಿದ್ದು 'ಒಗ್ಗಟ್ಟೇ ನಮ್ಮ ಬಲ' ಎಂದು. ಡಿಸೈನರ್ ಇಪ್ಪತ್ತು ಪಿಕ್ಸೆಲ್ ಕೊಟ್ಟ, ಎಂಜಿನಿಯರ್ ಇಪ್ಪತ್ತನ್ನೇ ಹಾಕಿದ. ನಾಡಿನ ಜನ ಓದಿಕೊಂಡರು: 'ಒಗಟೇ ನಮ ಬಲ'.