ಕತೆ ಅದೇ ತಾನೇ?

ಹೊಸ ಪುಸ್ತಕ ಕೈಗೆ ಬಂದರೆ ಕೆಲವರು ಮೊದಲು ಮುನ್ನುಡಿ ಓದುತ್ತಾರೆ, ಕೆಲವರು ನೇರ ಕೊನೆಯ ಪುಟಕ್ಕೆ ಹಾರುತ್ತಾರೆ. ನಾನು ಓದುವುದು ಶೀರ್ಷಿಕೆಯ ಪುಟದ ಬೆನ್ನಿಗಿರುವ ಸಣ್ಣಕ್ಷರಗಳನ್ನು. ಮೊದಲ ಮುದ್ರಣ ಯಾವಾಗ, ಮುಖಪುಟ ಯಾರದು, ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೊ, ಆಕಾರ ಡೆಮಿ 1/8. ಕಾಗದದ ತೂಕವನ್ನು ನಮ್ಮವರು ಎಷ್ಟು ಪ್ರಾಮಾಣಿಕವಾಗಿ ಒಪ್ಪಿಸುತ್ತಾರೆ ನೋಡಿ! ಒಳಗಿನ ಕತೆಯ ತೂಕಕ್ಕೆ ಮಾತ್ರ ಬೆನ್ನುಡಿ ಬರೆದವರ ಮಾತನ್ನೇ ನಂಬಬೇಕು.

ಅಲ್ಲೇ ‘ಪ್ರತಿಗಳು: 1000’ ಎಂದು ಕಂಡಾಗ ನನಗೆ ಅತ್ತಿಮಬ್ಬೆ ನೆನಪಾಗುತ್ತಾಳೆ. ಹತ್ತನೆಯ ಶತಮಾನದಲ್ಲಿ ಆ ಮಹಾತಾಯಿ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು ಎನ್ನುತ್ತಾರೆ. ಅಚ್ಚುಮೊಳೆಯಿಲ್ಲ, ಕರೆಂಟಿಲ್ಲ, ಇದ್ದದ್ದು ಓಲೆಗರಿ, ಬರೆಯುವ ಕಂಟ, ಲಿಪಿಕಾರರ ಬೆರಳು. ಆಫ್‌ಸೆಟ್ ಬಂದು, 2011ರ ಗಣತಿಯಲ್ಲೇ ರಾಜ್ಯದ ಜನಸಂಖ್ಯೆ ಆರು ಕೋಟಿ ದಾಟಿದ ಮೇಲೂ ನಮ್ಮ ಎಷ್ಟೋ ಪ್ರಕಾಶಕರು ಧೈರ್ಯ ಮಾಡುವುದು ಅದೇ ಸಾವಿರಕ್ಕೆ. ಅತ್ತಿಮಬ್ಬೆ ಜಾಣೆ. ದಾನವೆಂದೇ ಕೊಟ್ಟಳು. ‘ಓದಿ ವಾಪಸು ಕೊಡಿ’ ಎಂದಿದ್ದರೆ ಅವಳ ಉಳಿದ ಆಯುಷ್ಯವೆಲ್ಲ ವಸೂಲಿಯಲ್ಲೇ ಕಳೆಯುತ್ತಿತ್ತು.

ಮುಖಪುಟಕ್ಕೆ ಬರೋಣ. ಒಂದು ಕಾಲದ ಜನಪ್ರಿಯ ಕಾದಂಬರಿಗಳಲ್ಲಿ ದೊಡ್ಡ ಕಣ್ಣಿನ ಹೆಣ್ಣು, ಹೆಗಲ ಮೇಲಿಂದ ಇಳಿದ ಜಡೆ, ಹಿಂದೆ ಮಸುಕಾಗಿ ಒಬ್ಬ ಗಂಡಸು, ಜಾಗ ಉಳಿದರೆ ತೆಂಗಿನಮರ. ಕತೆಯ ನಾಯಕಿ ಬಾಬ್‌ಕಟ್ ಮಾಡಿಸಿಕೊಂಡಿದ್ದರೂ ಮುಖಪುಟದಲ್ಲಿ ಜಡೆ ತಪ್ಪುತ್ತಿರಲಿಲ್ಲ. ಚಿತ್ರ ಬರೆಯುವವರೂ ಹಸ್ತಪ್ರತಿ ಓದುತ್ತಾರೆಂಬ ಭರವಸೆ ನನಗೆ ಹುಟ್ಟಿದ್ದು ಚಂದ್ರನಾಥ ಆಚಾರ್ಯರಂಥವರ ಮುಖಪುಟ ನೋಡಿದ ಮೇಲೆ. ಈಗ ಅಪಾರ ಅವರ ವಿನ್ಯಾಸ ಕಂಡೇ ಪುಸ್ತಕ ಎತ್ತಿಕೊಳ್ಳುವವರಿದ್ದಾರೆ. ಬಿಲ್ ಆದ ಮೇಲೆ ಲೇಖಕರು ಯಾರೆಂದು ನೋಡುವ ಜಾತಿ, ನನ್ನ ಹಾಗೆ.

ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಈ ತಾಪತ್ರಯವೇ ಇರಲಿಲ್ಲ. ತ್ರಿವೇಣಿ, ಅನಕೃ, ಎನ್. ನರಸಿಂಹಯ್ಯ ಎಲ್ಲರಿಗೂ ಒಂದೇ ಸಮವಸ್ತ್ರ: ದಪ್ಪ ರಟ್ಟು, ಕ್ಯಾಲಿಕೊ ಬೆನ್ನು. ದಿನದ ಬಾಡಿಗೆ ಕೊಟ್ಟು ತಂದ ಪತ್ತೇದಾರಿ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಯಾರೋ ಪರೋಪಕಾರಿ ಪೆನ್ಸಿಲಿನಲ್ಲಿ ಬರೆದಿರುತ್ತಿದ್ದ: ‘ಕೊಲೆ ಮಾಡಿದ್ದು ಭಾವಮೈದುನ.’

ನನ್ನ ಭಾವಮೈದುನ ಕೊಲೆಗಾರನಲ್ಲ. ಕಪಾಟಿನ ಮುಂದೆ ಕತ್ತು ಓರೆ ಮಾಡಿ ನಿಂತು, “ಭಾವ, ಇದನ್ನ ಓದಿ ಕೊಡ್ತೀನಿ” ಎಂದು ಕಾರಂತರ ‘ಬೆಟ್ಟದ ಜೀವ’ ಒಯ್ದ, ಅಷ್ಟೇ. ಅಪ್ಪ ಕೊಂಡಿದ್ದ ಹಳೆಯ ಮುದ್ರಣ. ಕಾದಂಬರಿಯ ಗೋಪಾಲಯ್ಯನವರು ಅತಿಥಿಯನ್ನು ಉಪಚರಿಸುವ ಕಡೆ ಅಂಚಿನಲ್ಲಿ ಅಪ್ಪನ ಕೆಂಪು ಪೆನ್ಸಿಲಿನ ‘ಆಹಾ!’ ಇತ್ತು. ಅದರ ಕೆಳಗೆ ಅಮ್ಮನ ಕೈಬರಹ: ‘ಬಡಿಸಿದವಳಿಗೂ ಒಂದು ಆಹಾ ಇರಲಿ.’ ಕನ್ನಡದಲ್ಲಿ ಇಷ್ಟು ಚಿಕ್ಕ, ಇಷ್ಟು ಚೊಕ್ಕ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಪುಸ್ತಕ ಕಳೆದುಹೋಯಿತು. ಮನೆ ಬದಲಿಸುವಾಗ ರದ್ದಿಯ ಜೊತೆ ಹೋಗಿರಬೇಕಂತೆ. ಹುಡುಗ ಮರ್ಯಾದಸ್ಥ, ಹೊಸ ಪ್ರತಿ ಹಿಡಿದುಕೊಂಡೇ ಬಂದ. “ಮುಖಪುಟ ಇನ್ನೂ ಚೆನ್ನಾಗಿದೆ ಭಾವ. ಕತೆ ಅದೇ ತಾನೇ?” ಅದೇ. 1943ರಲ್ಲಿ ಮೊದಲು ಬಂದಾಗಿನ ಅದೇ ಕತೆ. ಆದರೆ ಅಂಚು ಬೆಳ್ಳಗಿದೆ. ಗೋಪಾಲಯ್ಯನವರು ಅಷ್ಟೆಲ್ಲ ಉಪಚಾರ ಮಾಡಿದರೂ ಆಹಾ ಎನ್ನುವವರಿಲ್ಲ.

ಓಲೆಗರಿಯ ಕಾಲದವರು ಗ್ರಂಥದ ಕೊನೆಯಲ್ಲಿ ಪುಸ್ತಕದ ಬಾಯಿಂದಲೇ ಒಂದು ಮೊರೆ ಹಾಕಿಸುತ್ತಿದ್ದರು: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿ. ಮೊದಲ ಮೂರಕ್ಕೆ ಲ್ಯಾಮಿನೇಶನ್ನೂ ಹೊಲಿಗೆ ಬೈಂಡಿಂಗೂ ಬಂದಿವೆ. ನಾಲ್ಕನೆಯದನ್ನು ಹೆಂಡತಿಯ ತಮ್ಮನ ಮುಂದೆ ಓದಿ ಹೇಳುವ ಧೈರ್ಯ ಯಾವ ಲಿಪಿಕಾರನಿಗೂ ಇದ್ದಿರಲಾರದು.

ರದ್ದಿಗೆ ಹೋದ ಪುಸ್ತಕಗಳು ಎಷ್ಟೋ ಸಲ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಮರುಜನ್ಮ ಪಡೆಯುತ್ತವೆ. ಲೇಖಕರು ‘ಪ್ರೀತಿಪೂರ್ವಕ’ ಸಹಿ ಹಾಕಿ ಮಿತ್ರರಿಗೆ ಕೊಟ್ಟ ಪ್ರತಿಗಳು ಒಮ್ಮೆಯೂ ಬಿಡಿಸದ ಸ್ಥಿತಿಯಲ್ಲಿ ಅಲ್ಲಿ ಸಿಗುತ್ತವೆ. ಆ ಕಡೆ ಹೋದಾಗ ಕೆಂಪು ಪೆನ್ಸಿಲಿನ ‘ಆಹಾ!’ ಇರುವ ‘ಬೆಟ್ಟದ ಜೀವ’ ಕಂಡರೆ ದಯವಿಟ್ಟು ಕೊಂಡಿಟ್ಟುಕೊಳ್ಳಿ. ನೀವು ಕೊಟ್ಟ ಹಣ ಕೊಡುತ್ತೇನೆ, ಮೇಲೆ ಒಂದು ಹೊಚ್ಚಹೊಸ ಪ್ರತಿಯನ್ನೂ ಕೊಡುತ್ತೇನೆ.