ನಿಮಗೂ ಸೀನಿಯರ್ ಇದ್ದಾರಾ?

ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತು ಬ್ಯಾಂಕಿನಿಂದ ಮನೆಗೆ ಬಂದ ಮೂರನೇ ತಿಂಗಳಿಗೆ ಲಾ ಕಾಲೇಜಿಗೆ ಅರ್ಜಿ ಹಾಕಿದೆ. "ಸಾಲ ಕಟ್ಟದವರ ಮೇಲೆ ಕೇಸು ಹಾಕಿ ಹಾಕಿ ನಿಮಗೆ ಕೋರ್ಟಿನ ಚಟ ಹತ್ತಿದೆ" ಎಂದಳು ಹೆಂಡತಿ. ಸುಳ್ಳಲ್ಲ. ಕಟಕಟೆಯಲ್ಲಿ ನಿಂತು ಲೆಡ್ಜರ್ ಓದುತ್ತಿದ್ದ ನನಗೆ, ಎದುರು ನಿಂತು ಪ್ರಶ್ನೆ ಕೇಳುವವರನ್ನು ಕಂಡರೆ ಮೊದಲಿಂದಲೂ ಹೊಟ್ಟೆಕಿಚ್ಚು. 45 ದಾಟಿದವರಿಗೆ ಸನದು ಇಲ್ಲ ಎಂದು ಬಾರ್ ಕೌನ್ಸಿಲ್ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟು 1995ರಲ್ಲೇ ಹೊಡೆದುಹಾಕಿದೆ. ಪಾಪ, ಆ ತೀರ್ಪು ಬರೆದವರು ನನ್ನ ಮೊಣಕಾಲು ನೋಡಿರಲಿಲ್ಲ.

ಸನದು ಕೈಗೆ ಬಂದಾಗ 63. ಸಿಕ್ಕ ಸೀನಿಯರ್ ನನ್ನ ಮಗನಿಗಿಂತ ಎರಡು ವರ್ಷ ಚಿಕ್ಕವರು. ನಾನು ಅವರಿಗೆ ಸರ್, ಅವರು ನನಗೆ ಸರ್. ಕೋರ್ಟ್ ಹಾಲಿನ ಬಾಗಿಲಲ್ಲಿ "ನೀವು ನಡೀರಿ ಸರ್", "ಛೆ ಛೆ, ನೀವು ಮೊದಲು ಸರ್" ಎನ್ನುವಷ್ಟರಲ್ಲಿ ಒಳಗೆ ನಮ್ಮ ಕೇಸು ಕೂಗಿ ಆಗಿರುತ್ತದೆ. ನನ್ನ ಸೊಂಟಕ್ಕೆ ಹೆದರಿ ಕಟ್ಟುಗಳನ್ನೂ ಅವರೇ ಹೊರುತ್ತಾರೆ. ಹಾಗಾಗಿ ಪಾರ್ಟಿಗಳು ನೇರ ನನ್ನ ನರೆಗೂದಲಿಗೆ ಕೈ ಮುಗಿಯುತ್ತಾರೆ. ಒಬ್ಬ ಯಜಮಾನರಂತೂ ಸೀನಿಯರ್ ಕೈಗೆ ಹತ್ತು ರೂಪಾಯಿ ಇಟ್ಟು, "ತಮ್ಮಾ, ಲಾಯರ್ ಸಾಹೇಬ್ರಿಗೊಂದು ಟೀ ತಗೊಂಬಾ" ಎಂದರು. ಅವರು ತಂದೂ ಕೊಟ್ಟರು. ಚಿಲ್ಲರೆ ಸಾಲದೆ ಐದು ರೂಪಾಯಿ ಕೈಯಿಂದ ಹಾಕಿದ್ದರಂತೆ.

ನನ್ನ ಮೊದಲ ವಾದ ಒಂದೇ ವಾಕ್ಯದ್ದು, ವಾಯಿದೆ ಕೇಳುವುದು. ಎರಡು ದಿನ ಬಚ್ಚಲುಮನೆ ಕನ್ನಡಿಯೆದುರು ತಾಲೀಮು ಮಾಡಿದ್ದೆ. "ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಸ್ವಾಮಿ, ಒಂದು ಡೇಟ್ ಕೊಡಬೇಕು." ನ್ಯಾಯಾಧೀಶರು ಕನ್ನಡಕ ಇಳಿಸಿ ನನ್ನ ತಲೆಯನ್ನೇ ನೋಡಿದರು.

"ನಿಮಗೂ ಸೀನಿಯರ್ ಇದ್ದಾರಾ?"

ಬೆಂಚ್ ಕ್ಲರ್ಕ್ ಫೈಲಿನೊಳಗೆ ಮುಖ ಹುದುಗಿಸಿಕೊಂಡರು. "ಇದ್ದಾರೆ ಸ್ವಾಮಿ, ಚಿಕ್ಕವರು" ಎಂದೆ. ಡೇಟ್ ಸಿಕ್ಕಿತು.

ನನ್ನ ಪುಣ್ಯಕ್ಕೆ, ನಾನು ಕರಿಕೋಟು ತೊಟ್ಟ ವರ್ಷವೇ, 2024ರ ಜುಲೈ 1ಕ್ಕೆ, 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 511 ಸೆಕ್ಷನ್ನುಗಳಿದ್ದದ್ದು 358 ಆದವು. ಕೊಲೆಯ 302 ಈಗ 103. ಮೂವತ್ತು ವರ್ಷ ಪ್ರಾಕ್ಟೀಸು ಮಾಡಿದ ಘಟಾನುಘಟಿಗಳು ಕೋಟಿನ ಜೇಬಿನಿಂದ ಚೀಟಿ ತೆಗೆದು ಕದ್ದು ನೋಡುವುದನ್ನು ಕಂಡು ಹೊಟ್ಟೆ ತಣ್ಣಗಾಯಿತು. ನನಗೇನು, ಕಾಲೇಜಿನಲ್ಲಿ ಓದಿದ್ದು ಪರೀಕ್ಷೆಯ ಮರುದಿನವೇ ಮರೆತಿತ್ತು! ಈ ಸಂಭ್ರಮ ವಾರವೂ ಉಳಿಯಲಿಲ್ಲ. ಆ ತಾರೀಖಿಗೆ ಮೊದಲು ನಡೆದ ಅಪರಾಧಕ್ಕೆಲ್ಲ ಹಳೇ ಸೆಕ್ಷನ್ನೇ ಅಂತೆ. ಈಗ ಎರಡೂ ಬಾಯಿಪಾಠ ಆಗಬೇಕು, ಅದೂ ಕನ್ನಡಕ ಎಲ್ಲಿಟ್ಟೆ ಅನ್ನುವುದೇ ನೆನಪಿರದ ವಯಸ್ಸಿನಲ್ಲಿ.

ಮೊನ್ನೆ ಭಾನುವಾರ ಸಂತೆಯಿಂದ ಬಂದ ಹೆಂಡತಿ ಕೊತ್ತಂಬರಿ ಕಟ್ಟು ಬಿಚ್ಚಿದಳು. ಒಳಗೆಲ್ಲ ಕೊಳೆತಿತ್ತು. "ಆ ಸೊಪ್ಪಿನವನು ಶುದ್ಧ ಫೋರ್‌ಟ್ವೆಂಟಿ!"

"ಫೋರ್‌ಟ್ವೆಂಟಿ ಈಗಿಲ್ಲ ಕಣೇ. 318, ಸಬ್‌ಸೆಕ್ಷನ್ 4."

"ಅಷ್ಟು ಗೊತ್ತಿದ್ದರೆ ಹೋಗಿ ವಾದ ಮಾಡಿ, ಬೇರೆ ಕಟ್ಟು ಇಸ್ಕೊಂಡು ಬನ್ನಿ."

ಹೋದೆ. ಸೊಪ್ಪಿನವನು ಪೂರ್ತಿ ಕೇಳಿಸಿಕೊಂಡು, ನನ್ನ ನರೆಗೂದಲಿಗೆ ಕೈ ಮುಗಿದು, ಮುಂದಿನ ಭಾನುವಾರಕ್ಕೆ ವಾಯಿದೆ ಹಾಕಿದ.